‘ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಮಗನ ಕಣ್ಣು ಹೋಯಿತಾ ಡಾಕ್ಟ್ರೇ?’

ಪ್ರಶ್ನೆ: ನನಗೆ 44 ವರ್ಷ, ಹಾಸನ ಜಿಲ್ಲೆಯ ಹಳ್ಳಿಯವಳು. 19ನೇ ವಯಸ್ಸಿಗೆ ನನ್ನ ಸೋದರಮಾವನನ್ನೇ (ತಾಯಿಯ ತಮ್ಮ) ಮದುವೆಯಾದೆ. ಅವರಿಗೀಗ 52. ಮಗನಿಗೆ 21. ಕಳೆದ ವರ್ಷ ನೋವು, ಕೆಂಪು ಏನೂ ಇಲ್ಲದೆ ಬಲಗಣ್ಣು ಮಂಜಾಯಿತು. ಒಂದೂವರೆ ತಿಂಗಳಿಗೆ ಎಡಗಣ್ಣೂ ಹೋಯಿತು. ನರದ ಊತ ಎಂದು ಐದು ದಿನ ಸ್ಟೀರಾಯ್ಡ್ ಹಾಕಿದರು, ಪ್ರಯೋಜನವಾಗಲಿಲ್ಲ. ಎಂಆರ್‌ಐ ನಾರ್ಮಲ್. ಕೊನೆಗೆ ರಕ್ತದ ರಿಪೋರ್ಟ್‌ನಲ್ಲಿ ‘ಎಂಟಿ-ಎನ್‌ಡಿ4 ಜೀನ್, 11778, ಹೋಮೋಪ್ಲಾಸ್ಮಿಕ್’ ಎಂದು ಬಂತು. ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಹೀಗಾಯಿತಾ? ನನ್ನ ಅತ್ತೆ (ನನ್ನ ಸ್ವಂತ ಅಜ್ಜಿಯೇ) ಇದು ನನ್ನ ಅಪ್ಪನ ಮನೆತನದ ದೋಷ ಎನ್ನುತ್ತಾರೆ. ನನ್ನ ಭಾವನವರಿಗೂ 26ನೇ ವಯಸ್ಸಿಗೆ ಕಣ್ಣು ಹೋಗಿತ್ತು, ಸಾರಾಯಿ ಕುಡಿದು ಹೋಯಿತು ಎನ್ನುತ್ತಾರೆ. ಆದರೆ ಅವರ ಇಬ್ಬರು ಮಕ್ಕಳ ಕಣ್ಣು ಚೆನ್ನಾಗಿದೆ. ಹಾಗಾದರೆ ನನ್ನ ಮಗನಿಗೇ ಏಕೆ? ದೊಡ್ಡ ಮಗಳಿಗೆ (24) ಗಂಡು ನೋಡುತ್ತಿದ್ದೇವೆ, ಚಿಕ್ಕವಳಿಗೆ 17. ಅವರಿಗೂ ಬರುತ್ತದಾ? ಅಮೆರಿಕದಲ್ಲಿ ಕೋಟಿಗಟ್ಟಲೆ ರೂಪಾಯಿಯ ಇಂಜೆಕ್ಷನ್ ಇದೆಯಂತೆ. ಜಮೀನು ಮಾರಿಯಾದರೂ ಹಾಕಿಸುತ್ತೇವೆ. ಇನ್ನೊಂದು ಮಾತು: ಮಾತಾಡುವಾಗ ಮಗ ನನ್ನ ಮುಖ ನೋಡುವುದಿಲ್ಲ, ಪಕ್ಕಕ್ಕೆ ನೋಡುತ್ತಾನೆ. ನನ್ನ ಮೇಲೆ ಸಿಟ್ಟಿರಬಹುದಾ?

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಸಿಟ್ಟಲ್ಲ ಅಮ್ಮ. ಈ ಕಾಯಿಲೆಯಲ್ಲಿ ಹೋಗುವುದು ದೃಷ್ಟಿಯ ನಡುಭಾಗ. ಅವನು ನೆಟ್ಟಗೆ ನಿಮ್ಮ ಮುಖ ನೋಡಿದರೆ ಮುಖ ಇರುವ ಜಾಗದಲ್ಲಿ ಒಂದು ಬೂದು ಮಚ್ಚೆ ಕಾಣುತ್ತದೆ. ಸುತ್ತಲಿನ ಸೆರಗಿನ ಅಂಚು, ಹಿಂದಿನ ಬಾಗಿಲು, ಕಾಲ ಬಳಿ ಓಡಾಡುವ ಬೆಕ್ಕು ಎಲ್ಲ ಕಾಣುತ್ತವೆ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮಚ್ಚೆಯೂ ಪಕ್ಕಕ್ಕೆ ಸರಿಯುತ್ತದೆ, ಅಂಚಿನ ದೃಷ್ಟಿಯಲ್ಲಿ ನಿಮ್ಮ ಮುಖ ಮಸುಕಾಗಿಯಾದರೂ ಸಿಗುತ್ತದೆ. ಅವನು ನಿಮ್ಮ ಕಿವಿಯತ್ತ ದೃಷ್ಟಿ ಇಟ್ಟಿದ್ದಾನೆ ಎಂದರೆ ನಿಮ್ಮನ್ನು ಹುಡುಕುತ್ತಿದ್ದಾನೆ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರುವುದಿಲ್ಲ, ತಾನೇ ಕಂಡುಕೊಂಡಿರುತ್ತಾನೆ. ಹಾಗೆ ನೋಡಬೇಡ ಎಂದು ಗದರಬೇಡಿ.

ಇನ್ನು ಮದುವೆಯ ಪ್ರಶ್ನೆ. ಸೋದರಮಾವನನ್ನು ಮದುವೆಯಾಗಿದ್ದಕ್ಕೂ ಮಗನ ಕಣ್ಣಿಗೂ ಸಂಬಂಧವಿಲ್ಲ. ನೀವು ಪಕ್ಕದ ತಾಲ್ಲೂಕಿನ ಅಪರಿಚಿತರನ್ನು ಮದುವೆಯಾಗಿದ್ದರೂ ನಿಮ್ಮ ಮಕ್ಕಳಿಗೆ ಈ ಜೀನ್ ಹೀಗೇ ಬರುತ್ತಿತ್ತು. ನಿಮ್ಮ ಅಪ್ಪನ ಮನೆತನದ್ದಂತೂ ಇದರಲ್ಲಿ ಒಂದು ಕೂದಲೆಳೆಯಷ್ಟೂ ಪಾತ್ರವಿಲ್ಲ. ಏಕೆ ಎಂದು ತಿಳಿಯಬೇಕಾದರೆ ರಿಪೋರ್ಟ್‌ನಲ್ಲಿರುವ ಆ ಒಂದು ಸಾಲನ್ನು ಬಿಡಿಸಿ ನೋಡಬೇಕು.

ನಮ್ಮ ಜೀನ್‌ಗಳಲ್ಲಿ ಬಹುಪಾಲು ಜೀವಕೋಶದ ಕೇಂದ್ರದಲ್ಲಿವೆ. ಅವು ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬಂದವು. ಆದರೆ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಸಣ್ಣ ಅಂಗಗಳಿಗೆ ಸ್ವಂತದ್ದೊಂದು ಪುಟ್ಟ ಡಿಎನ್‌ಎ ಉಂಗುರವಿದೆ. ಅದರಲ್ಲಿರುವುದು ಬರೀ 16,569 ಅಕ್ಷರ, 37 ಜೀನ್. ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲೇ ಅದನ್ನು ಪೂರ್ತಿ ಓದಿ ಮುಗಿಸಿದ್ದರು. ‘ಎಂಟಿ’ ಎಂದರೆ ಈ ಉಂಗುರದ್ದು ಎಂದರ್ಥ. ಮಗು ಹುಟ್ಟುವಾಗ ಈ ಉಂಗುರಗಳು ತಾಯಿಯ ಅಂಡದಿಂದ ಬರುತ್ತವೆ. ವೀರ್ಯಾಣುವಿನಲ್ಲೂ ಮೈಟೊಕಾಂಡ್ರಿಯ ಇರುತ್ತವೆ, ಆದರೆ ಅಂಡದೊಳಗೆ ಹೋದ ಮೇಲೆ ಅವನ್ನು ಅಂಡವೇ ನಾಶ ಮಾಡುತ್ತದೆ.

ಈಗ ನಿಮ್ಮ ಮನೆಯ ವಂಶವೃಕ್ಷವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮೇಲೆ ನಿಮ್ಮ ಅಜ್ಜಿ, ಅಂದರೆ ಅತ್ತೆ. ಅವರಿಂದ ಈ ಉಂಗುರ ಮೂವರಿಗೂ ಹೋಯಿತು: ನಿಮ್ಮ ತಾಯಿಗೆ, ನಿಮ್ಮ ಭಾವನವರಿಗೆ, ನಿಮ್ಮ ಯಜಮಾನರಿಗೆ. ತಾಯಿಯಿಂದ ನಿಮಗೆ, ನಿಮ್ಮಿಂದ ಮೂರು ಮಕ್ಕಳಿಗೆ. ಭಾವನವರು ಗಂಡಸು, ಅವರ ಉಂಗುರ ಅವರಲ್ಲಿಗೇ ನಿಂತಿತು. ಅವರ ಮಕ್ಕಳು ತಮ್ಮ ಅಮ್ಮನದ್ದನ್ನು ಪಡೆದರು. ಆಕೆ ಹೊರಗಿನಿಂದ ಬಂದ ಸೊಸೆಯಾಗಿದ್ದರೆ ಆ ಇಬ್ಬರು ಮಕ್ಕಳ ಕಣ್ಣು ಚೆನ್ನಾಗಿರುವುದರಲ್ಲಿ ಸೋಜಿಗವೇನಿಲ್ಲ. (ಆಕೆಯೂ ನಿಮ್ಮ ಹಾಗೆ ಅಜ್ಜಿಯ ಹೆಣ್ಣುಮಕ್ಕಳ ಸಾಲಿನವರಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಕೇಳಿಯೇ ತಿಳಿಯಬೇಕು.) ನಿಮ್ಮ ಯಜಮಾನರೂ ಮಕ್ಕಳಿಗೆ ತಮ್ಮದನ್ನು ಕೊಟ್ಟಿಲ್ಲ. ಕೊಟ್ಟವರು ನೀವು, ನಿಮಗೆ ಕೊಟ್ಟವರು ನಿಮ್ಮ ತಾಯಿ, ಅವರಿಗೆ ಕೊಟ್ಟವರು ಈಗ ನಿಮ್ಮ ಅಪ್ಪನ ಮನೆತನವನ್ನು ದೂರುತ್ತಿರುವ ಅಜ್ಜಿಯೇ. ಇದನ್ನು ಅವರ ಮೇಲೆ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಅವರಿಗೂ ಅವರ ತಾಯಿಯಿಂದ ಬಂದಿದ್ದು. ಹಿರಿಮಗನ ಕಣ್ಣು ಹೋದದ್ದನ್ನು ಒಮ್ಮೆ ಕಂಡ ಹೆಂಗಸು ಮೊಮ್ಮಗನದ್ದನ್ನೂ ಕಾಣಬೇಕಾಯಿತು. ಆ ಸಂಕಟ ಎಲ್ಲೋ ಒಂದು ಕಡೆ ಹೊರಬರಲೇಬೇಕಲ್ಲ.

ಸಂಬಂಧದ ಮದುವೆಯಿಂದ ಏನೂ ಆಗುವುದಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲೇ ಇವೆ. ಅವುಗಳ ದೋಷ ಅಪ್ಪ-ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ ಕಾಣಿಸಬಹುದು. ಅಲ್ಲಿ ಸೋದರ ಸಂಬಂಧ ಖಂಡಿತ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಗನದ್ದು ಆ ಬಗೆಯದಲ್ಲ.

ಎನ್‌ಡಿ4 ಮಾಡುವ ಕೆಲಸವೇನು? ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಸುಮಾರು 45 ಪ್ರೋಟೀನ್ ಬಿಡಿಭಾಗಗಳನ್ನು ಜೋಡಿಸಿದ ಒಂದು ಯಂತ್ರವಿದೆ. ಅದರ ಹೆಸರು ಕಾಂಪ್ಲೆಕ್ಸ್-1. ನಾವು ತಿಂದ ಮುದ್ದೆ, ಅನ್ನ ಕೊನೆಗೆ ಎಲೆಕ್ಟ್ರಾನ್‌ಗಳಾಗಿ ಅದಕ್ಕೆ ತಲುಪುತ್ತವೆ. ಎರಡೆರಡು ಎಲೆಕ್ಟ್ರಾನ್ ಒಳಗೆ ಹರಿದಂತೆ ಅದು ನಾಲ್ಕು ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ಎತ್ತಿ ಹಾಕುತ್ತದೆ. ನಿಮ್ಮ ತೋಟದ ಪಂಪ್‌ಸೆಟ್ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುವ ಹಾಗೆ. ಹಾಗೆ ಎತ್ತಿದ್ದು ಕೆಳಗಿಳಿಯುವಾಗ ಇನ್ನೊಂದು ಯಂತ್ರ, ಶರಾವತಿಯ ಟರ್ಬೈನಿನಂತೆ ತಿರುಗಿ, ಎಟಿಪಿ ಎಂಬ ಶಕ್ತಿಯ ಕಣಗಳನ್ನು ಮಾಡುತ್ತದೆ. ಆ 45 ಭಾಗಗಳಲ್ಲಿ ಏಳು ಮಾತ್ರ ಅಮ್ಮನ ಉಂಗುರದಿಂದ ತಯಾರಾಗುತ್ತವೆ. ಎನ್‌ಡಿ4 ಅವುಗಳಲ್ಲಿ ಒಂದು, ಪ್ರೋಟಾನ್ ಎತ್ತುವ ತೋಳಿನ ಭಾಗ. ಅದು 459 ಅಮೈನೋ ಆಮ್ಲಗಳ ಸರ. ಉಂಗುರದ 11778ನೇ ಸ್ಥಾನದಲ್ಲಿ ‘ಜಿ’ ಇರಬೇಕಾದ ಕಡೆ ‘ಎ’ ಇದ್ದರೆ, ಸರದ 340ನೇ ಮಣಿ ಅರ್ಜಿನೀನ್ ಆಗುವ ಬದಲು ಹಿಸ್ಟಿಡೀನ್ ಆಗುತ್ತದೆ. ಅಷ್ಟೇ ವ್ಯತ್ಯಾಸ.

ಇಂಥ ಕುರುಡುತನ ಕುಟುಂಬಗಳಲ್ಲಿ ಹರಿದು ಬರುವುದನ್ನು ಜರ್ಮನಿಯ ನೇತ್ರವೈದ್ಯ ಥಿಯೋಡರ್ ಲೀಬರ್ 1871ರಲ್ಲೇ ಬರೆದಿಟ್ಟಿದ್ದ. ಕಾರಣವಾದ ಅಕ್ಷರ ಸಿಕ್ಕಿದ್ದು 1988ರಲ್ಲಿ, ಅಮೆರಿಕದ ಡಗ್ಲಸ್ ವಾಲೇಸ್ ಅವರ ತಂಡಕ್ಕೆ. ಆ ಅಕ್ಷರ ಇದೇ 11778. ತಾಯಿಯಿಂದ ಬರುವ ಕಾಯಿಲೆಯೊಂದರ ಮೂಲ ಮೈಟೊಕಾಂಡ್ರಿಯದ ಒಂದೇ ಅಕ್ಷರದಲ್ಲಿದೆ ಎಂದು ತೋರಿಸಿದ ಮೊದಲ ಉದಾಹರಣೆ ಅದು. ಕಾಯಿಲೆಗೆ ಲೀಬರ್‌ನ ಹೆಸರೇ ಉಳಿದಿದೆ; ವೈದ್ಯರು ‘ಎಲ್‌ಎಚ್‌ಒಎನ್’ (ಲೀಬರ್ ಹೆರೆಡಿಟರಿ ಆಪ್ಟಿಕ್ ನ್ಯೂರೋಪತಿ) ಎನ್ನುತ್ತೇವೆ.

ಮೈಯೆಲ್ಲ ಅದೇ ಉಂಗುರ ಇರುವಾಗ ಕಣ್ಣಿಗೇ ಏಕೆ ಪೆಟ್ಟು? ಈ ಅಕ್ಷರ ತಪ್ಪಿದರೆ ಪಂಪು ಸುಟ್ಟುಹೋಗುವುದಿಲ್ಲ. ವೋಲ್ಟೇಜ್ ಕಡಿಮೆಯಾದ ಮೋಟರಿನಂತೆ ಗೊಣಗುತ್ತಾ ಓಡುತ್ತದೆ, ಓಡುವಾಗ ಎಲೆಕ್ಟ್ರಾನ್ ಸೋರಿ ಕೋಶಕ್ಕೆ ಹಾನಿ ಮಾಡುತ್ತದೆ. ಹೆಚ್ಚಿನ ಅಂಗಗಳು ಅದನ್ನು ತಾಳಿಕೊಳ್ಳುತ್ತವೆ. ಆದರೆ ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯಂಚಿನ ಗದ್ದೆ ತಾನೇ? ಅಕ್ಷಿಪಟದ ನಡುಭಾಗದಿಂದ ಹೊರಡುವ ನರದೆಳೆಗಳು ತುಂಬ ತೆಳು. ಕಣ್ಣುಗುಡ್ಡೆ ದಾಟುವವರೆಗೆ ಅವಕ್ಕೆ ಮೇಲ್ಹೊದಿಕೆಯೂ ಇಲ್ಲ. ಹಾಗಾಗಿ ಅವಕ್ಕೆ ಶಕ್ತಿ ಬಹಳ ಬೇಕು. ಓದಲು, ಮುಖ ಗುರುತಿಸಲು, ಕೆಂಪು-ಹಸಿರು ಬೇರೆ ಮಾಡಲು ಬೇಕಾದ ಎಳೆಗಳು ಅವೇ. ಅವೇ ಮೊದಲು ಸಾಯುತ್ತವೆ.

ಒಂದು ವಿಚಿತ್ರವಿದೆ. ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗುವಂತೆ ಮಾಡುವ ಕೋಶಗಳು ಮಾತ್ರ ಈ ಕಾಯಿಲೆಯಲ್ಲಿ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ಕಾಲೇಜು ಹುಡುಗ ಬಂದಿದ್ದ. ಬೋರ್ಡಿನ ದೊಡ್ಡ ಅಕ್ಷರವೂ ಕಾಣದು ಎನ್ನುತ್ತಾನೆ, ಟಾರ್ಚ್ ಬಿಟ್ಟರೆ ಪಾಪೆ ಚುರುಕಾಗಿ ಕುಗ್ಗುತ್ತದೆ, ಕುರ್ಚಿಗೆ ಎಡವದೆ ನಡೆದು ಹೋಗುತ್ತಾನೆ. ‘ಪರೀಕ್ಷೆಯ ಭಯ, ನಾಟಕ ಇರಬಹುದು’ ಎಂದು ಚೀಟಿಯಲ್ಲಿ ಬರೆದೆ. ಎರಡು ತಿಂಗಳ ಮೇಲೆ ಅವನ ತಾಯಿ ಅದೇ ಚೀಟಿ ಹಿಡಿದು ಬಂದರು. ಅಷ್ಟರಲ್ಲಿ ಎರಡೂ ಕಣ್ಣಿನ ನರ ಬಿಳಿಚಿಕೊಂಡಿತ್ತು. ನಿಮ್ಮ ಮಗನಿಗೆ ಸ್ಟೀರಾಯ್ಡ್ ಹಾಕಿದ ವೈದ್ಯರ ಮೇಲೆ ಬೇಸರಪಡಬೇಡಿ. ಆ ವಯಸ್ಸಿನ ಹುಡುಗನ ಕಣ್ಣು ದಿಢೀರ್ ಮಂಜಾದರೆ ನರದ ಊತವನ್ನೇ ಮೊದಲು ಯೋಚಿಸಬೇಕು. ಸ್ಟೀರಾಯ್ಡ್ ಇದಕ್ಕೆ ಔಷಧಿಯಲ್ಲ, ನಿಜ. ಆದರೆ ಅದರಿಂದ ಕಣ್ಣು ಹೋದದ್ದೂ ಅಲ್ಲ.

ಭಾವನವರ ವಿಷಯಕ್ಕೆ ಬರೋಣ. ಕಳ್ಳಬಟ್ಟಿಯ ಮೆಥನಾಲ್‌ನಿಂದ ಕಣ್ಣು ಹೋಗುವುದು ಉಂಟು. ಆದರೆ ಅದು ಕುಡಿದ ಒಂದೆರಡು ದಿನದೊಳಗೆ ವಾಂತಿ, ಹೊಟ್ಟೆನೋವಿನ ಜತೆ ಎರಡೂ ಕಣ್ಣನ್ನು ಒಟ್ಟಿಗೆ ಹಿಡಿಯುತ್ತದೆ. ಭಾವನವರನ್ನು ಕೇಳಿ: ಒಂದು ಕಣ್ಣು ಮೊದಲು ಹೋಗಿ, ವಾರಗಳ ಮೇಲೆ ಇನ್ನೊಂದು ಹೋಯಿತಾ? ಹೌದು ಎಂದರೆ ಇಷ್ಟು ವರ್ಷ ಕುಡುಕ ಎಂಬ ಹಣೆಪಟ್ಟಿ ಹೊತ್ತವರಿಗೂ ನಿಮ್ಮ ಮಗನಿಗೂ ಬಂದದ್ದು ಒಂದೇ ಕಾಯಿಲೆ. ಕುಡಿತ ವಿಪರೀತವಿದ್ದರೆ ಅದು ಈ ಕಾಯಿಲೆಯನ್ನು ಕೆರಳಿಸಬಹುದು. ಬುಡದಲ್ಲಿರುವುದು ಮಾತ್ರ ಆ ಅಕ್ಷರವೇ.

ಹೆಣ್ಣುಮಕ್ಕಳ ವಿಷಯ. ‘ಹೋಮೋಪ್ಲಾಸ್ಮಿಕ್’ ಎಂದರೆ ಮಗನ ರಕ್ತದಲ್ಲಿ ನೋಡಿದ ಉಂಗುರಗಳೆಲ್ಲದರಲ್ಲೂ ಅದೇ ತಪ್ಪು ಅಕ್ಷರ ಇದೆ ಎಂದು. ಇಂಥ ಮನೆಗಳಲ್ಲಿ ಬಹುತೇಕ ತಾಯಿಯಲ್ಲೂ ಹಾಗೇ ಇರುತ್ತದೆ. ನಿಮ್ಮ ರಕ್ತವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮದೂ ಹೋಮೋಪ್ಲಾಸ್ಮಿಕ್ ಎಂದು ಬಂದರೆ ಮಕ್ಕಳಿಬ್ಬರಿಗೂ ಅದೇ ಇದೆ ಎಂದು ತಿಳಿದುಕೊಳ್ಳಿ, ಅವರ ಪರೀಕ್ಷೆಗೆ ಬೇರೆ ದುಡ್ಡು ಸುರಿಯಬೇಕಿಲ್ಲ. ಆದರೆ ಅಕ್ಷರ ಇರುವುದು ಬೇರೆ, ಕಣ್ಣು ಹೋಗುವುದು ಬೇರೆ. ನಿಮಗೆ 44, ನಿಮ್ಮ ತಾಯಿಗೆ ಇನ್ನೂ ಹೆಚ್ಚು. ಈ ಅಕ್ಷರ ಹೊತ್ತೇ ಇಬ್ಬರೂ ಇಷ್ಟು ಕಾಲ ಸೂಜಿಗೆ ದಾರ ಪೋಣಿಸಿಲ್ಲವೇ?

ಹಳೆಯ ಪುಸ್ತಕಗಳಲ್ಲಿ ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ದೃಷ್ಟಿ ಹೋಗುತ್ತದೆ ಎಂದಿದೆ. ಅದು ಕಾಯಿಲೆ ಹೆಚ್ಚಾಗಿ ಕಂಡ ಮನೆಗಳನ್ನೇ ಎಣಿಸಿದ ಲೆಕ್ಕ. ಆಸ್ಟ್ರೇಲಿಯಾದಲ್ಲಿ ದೂರದ ನೆಂಟರನ್ನೂ ಸೇರಿಸಿ ಎಣಿಸಿ 2021ರಲ್ಲಿ ಪ್ರಕಟಿಸಿದಾಗ ಗಂಡಸರಲ್ಲಿ 17.5, ಹೆಂಗಸರಲ್ಲಿ 5.4 ಶೇಕಡಾ ಎಂದು ಬಂತು. ಹೆಂಗಸರಿಗೆ ಏಕೆ ಕಡಿಮೆ ಎಂಬುದಕ್ಕೆ ಈಸ್ಟ್ರೋಜನ್ ಹಾರ್ಮೋನಿನ ರಕ್ಷಣೆ ಒಂದು ಕಾರಣವಿರಬಹುದು. ಹೆಚ್ಚು ಅಪಾಯದ ವಯಸ್ಸು 15ರಿಂದ 35. 50 ದಾಟಿದ ಮೇಲೆ ಬರುವುದು ಅಪರೂಪ.

ಗಂಡಿನ ಕಡೆಯವರಿಗೆ ಹೇಳಬೇಕಾ? ಅದಕ್ಕೂ ಮೊದಲು ನಿಮ್ಮ ಮಗಳಿಗೇ ಹೇಳಿ. 24 ವರ್ಷದವಳು, ಅವಳ ದೇಹದ ವಿಷಯ ಅವಳಿಗೆ ಗೊತ್ತಿರಬೇಕು. ಅವಳಿಗೆ ಹುಟ್ಟುವ ಮಕ್ಕಳಿಗೆಲ್ಲ ಈ ಉಂಗುರ ಹೋಗುತ್ತದೆ, ಅವರಲ್ಲಿ ಯಾರದಾದರೂ ಕಣ್ಣು ಹೋಗುವುದು ಮೇಲೆ ಹೇಳಿದ ಸಾಧ್ಯತೆಯಷ್ಟೇ. ನನ್ನನ್ನು ಕೇಳಿದರೆ ಮಾತು ಮುಂದುವರಿದಾಗ, ತಾಂಬೂಲ ಬದಲಿಸುವ ಮುಂಚೆ, ಅವಳೇ ಆ ಹುಡುಗನಿಗೆ ಈ ಸಂಖ್ಯೆಗಳ ಸಮೇತ ಹೇಳುವುದು ಒಳ್ಳೆಯದು. ಮುಚ್ಚಿಟ್ಟದ್ದು ಮುಂದೊಂದು ದಿನ ಬೇರೆ ಯಾರದೋ ಬಾಯಲ್ಲಿ ‘ದೋಷ’ವಾಗಿ ಹೊರಬರುತ್ತದೆ, ನಿಮ್ಮ ಮನೆಯಲ್ಲೇ ನೋಡಿದ್ದೀರಲ್ಲ. ಬೇರೆ ಹೆಣ್ಣಿನ ಅಂಡದ ಮೈಟೊಕಾಂಡ್ರಿಯ ಬಳಸಿ ಮಗು ಪಡೆಯುವ ವಿಧಾನಕ್ಕೆ ಬ್ರಿಟನ್ 2015ರಲ್ಲಿ ಕಾನೂನು ಮಾಡಿತು. ನ್ಯೂಕಾಸಲ್‌ನಲ್ಲಿ ಹಾಗೆ ಎಂಟು ಮಕ್ಕಳು ಹುಟ್ಟಿದ ಸುದ್ದಿ 2025ರ ಜುಲೈನಲ್ಲಿ ಬಂತು. ಪೇಪರಿನಲ್ಲಿ ಓದಿ ಆಸೆಪಟ್ಟೀರಿ ಎಂದು ಹೇಳಿದೆ, ನಿಮ್ಮ ಮಗಳಿಗೆ ಅದು ಬೇಕಾಗುವುದು ನನಗೆ ಕಾಣುತ್ತಿಲ್ಲ. ಮಗನ ವಿಷಯದಲ್ಲಿ ಆ ಚಿಂತೆಯೇ ಇಲ್ಲ. ಅವನು ಮುಂದೆ ಮದುವೆಯಾದರೆ ಅವನ ಮಕ್ಕಳಿಗೆ ಇದು ಹೋಗುವುದಿಲ್ಲ. ಹುಡುಗಿ ಈ ತಾಯಿಸಾಲಿನವಳು ಆಗಿರಬಾರದು, ಅಷ್ಟೇ.

ಜಮೀನು ಮಾರಬೇಡಿ. ಇದನ್ನು ಬಿಡಿಸಿಯೇ ಹೇಳಬೇಕು. ನೀವು ಕೇಳಿರುವ ಕೋಟಿಗಟ್ಟಲೆಯ ಇಂಜೆಕ್ಷನ್ ಬಹುಶಃ ಲಕ್ಸ್‌ಟರ್ನಾ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಎರಡು ಕಣ್ಣಿಗೆ 8.5 ಲಕ್ಷ ಡಾಲರ್. ಅದು ಆರ್‌ಪಿಇ65 ಎಂಬ ಬೇರೆ ಜೀನ್‌ನ ದೋಷಕ್ಕೆ, ಅಕ್ಷಿಪಟದ ಬೇರೆ ಕಾಯಿಲೆಗೆ. ಆ ಕಾಯಿಲೆಗಳಲ್ಲಿ ಒಂದಕ್ಕೂ ಲೀಬರ್‌ನದೇ ಹೆಸರಿರುವುದರಿಂದ ಮೊಬೈಲಿನಲ್ಲಿ ಹುಡುಕಿದವರೆಲ್ಲ ಗೊಂದಲಕ್ಕೆ ಬೀಳುತ್ತಾರೆ. ನಿಮ್ಮ ಮಗನಿಗೆ ಅದು ಕೆಲಸ ಮಾಡುವುದಿಲ್ಲ.

ಎನ್‌ಡಿ4ಗೇ ಆದ ಜೀನ್ ಚಿಕಿತ್ಸೆಯನ್ನೂ ಪ್ರಯತ್ನಿಸಿದ್ದಾರೆ, ಅದರ ಉಪಾಯ ನನಗೆ ಬಲು ಇಷ್ಟ. ಮೈಟೊಕಾಂಡ್ರಿಯದೊಳಕ್ಕೆ ಜೀನ್ ಸೇರಿಸುವುದು ಕಷ್ಟ. ಹಾಗಾಗಿ ಸರಿಯಾದ ಎನ್‌ಡಿ4 ಅನ್ನು ನಿರಪಾಯಕಾರಿ ವೈರಸ್‌ನಲ್ಲಿಟ್ಟು ಕೋಶಕೇಂದ್ರಕ್ಕೆ ಕಳಿಸಿ, ತಯಾರಾದ ಪ್ರೋಟೀನಿಗೆ ಮೈಟೊಕಾಂಡ್ರಿಯದ ವಿಳಾಸ ಅಂಟಿಸುತ್ತಾರೆ. ಆದರೆ ಎರಡೂ ಕಡೆಯ ಭಾಷೆ ಪೂರ್ತಿ ಒಂದಲ್ಲ. ಶಿರಸಿಯ ಮನೆಯಲ್ಲಿ ‘ಆಯಿ’ ಎಂದರೆ ಅಮ್ಮ, ವಿಜಯಪುರದಲ್ಲಿ ‘ಆಯಿ’ ಎಂದರೆ ಅಜ್ಜಿ. ಹಾಗೇ ಮೈಟೊಕಾಂಡ್ರಿಯದಲ್ಲಿ ಒಂದು ಅಮೈನೋ ಆಮ್ಲ ಸೇರಿಸು ಎನ್ನುವ ಮೂರಕ್ಷರ ಕೋಶಕೇಂದ್ರದ ಭಾಷೆಯಲ್ಲಿ ‘ಇಲ್ಲಿಗೆ ನಿಲ್ಲಿಸು’ ಎಂದಾಗುತ್ತದೆ. ಆದ್ದರಿಂದ ಇಡೀ ಜೀನನ್ನು ಆ ಭಾಷೆಗೆ ತಿದ್ದಿ ಬರೆದರು. ಫ್ರಾನ್ಸಿನ ಜೆನ್‌ಸೈಟ್ ಕಂಪನಿಯ ಪ್ರಯೋಗಗಳಲ್ಲಿ ಒಂದು ಕಣ್ಣಿಗೆ ಮಾತ್ರ ಔಷಧಿ ಚುಚ್ಚಿ, ಇನ್ನೊಂದಕ್ಕೆ ಚುಚ್ಚಿದಂತೆ ಮಾಡಿದರು. ಎರಡು ವರ್ಷಕ್ಕೆ ಎರಡೂ ಕಣ್ಣು ಸುಧಾರಿಸಿದವು! ಔಷಧಿ ಆ ಕಣ್ಣಿಗೂ ಹರಿಯಿತು ಎನ್ನುತ್ತಾರೆ, ಅದಕ್ಕೆ ಕೋತಿಗಳಲ್ಲಿ ಪುರಾವೆಯೂ ಸಿಕ್ಕಿತು. ಆದರೆ ಹೋಲಿಸಲು ಇಟ್ಟ ಕಣ್ಣೂ ಸುಧಾರಿಸಿದರೆ ಔಷಧಿಯ ಗುಣ ಎಷ್ಟು, ತಾನಾಗಿ ಆದದ್ದೆಷ್ಟು ಎಂದು ಬಿಡಿಸುವುದು ಹೇಗೆ? ಯುರೋಪಿನಲ್ಲಿ ಒಪ್ಪಿಗೆಗೆ ಹಾಕಿದ್ದ ಅರ್ಜಿಯನ್ನು ಕಂಪನಿ 2023ರಲ್ಲಿ ಹಿಂತೆಗೆದುಕೊಂಡಿತು. ಇದು ಪ್ರಯೋಗದ ಹಂತದ ಔಷಧಿ. ಎನ್‌ಡಿ4ಗೆ ಇಂಜೆಕ್ಷನ್ ಕೊಡುತ್ತೇವೆ, ಲಕ್ಷಗಟ್ಟಲೆ ಕಟ್ಟಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಸರಿಯಾದ ಪ್ರಯೋಗದಲ್ಲಿ ರೋಗಿಯಿಂದ ಔಷಧಿಗೆ ದುಡ್ಡು ಕೇಳುವುದಿಲ್ಲ.

ನಿಮ್ಮ ವೈದ್ಯರ ಹತ್ತಿರ ಕೇಳಬೇಕಾದ್ದು ಇಡೆಬೆನೋನ್ ಮಾತ್ರೆಯ ಬಗ್ಗೆ. ಅದು ಕೆಟ್ಟ ಪಂಪನ್ನು ಬಳಸದೆ ಎಲೆಕ್ಟ್ರಾನ್‌ಗಳನ್ನು ಮುಂದಿನ ಯಂತ್ರಕ್ಕೆ ದಾಟಿಸುತ್ತದೆ. ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು, ದಿನಕ್ಕೆ 900 ಮಿಲಿಗ್ರಾಂ, ಮೂರು ಹೊತ್ತು. 85 ಜನರ ಮೇಲೆ 24 ವಾರ ನಡೆದ ಮುಖ್ಯ ಪ್ರಯೋಗದಲ್ಲಿ ಮೊದಲು ಇಟ್ಟುಕೊಂಡ ಗುರಿ ಅದು ಮುಟ್ಟಲಿಲ್ಲ, ಆದರೆ ಕೆಲವರಿಗೆ ಗುಣ ಕಂಡಿತು. ಎರಡನೇ ಕಣ್ಣು ಹೋಗಿ ಒಂದು ವರ್ಷದೊಳಗಿದ್ದರೆ ಪ್ರಯತ್ನಿಸುವುದು ಸರಿ ಎಂದು ನಾನು ಹೇಳುತ್ತೇನೆ. ಅಂಗಡಿಯ ಕೋಎನ್‌ಜೈಮ್ ಕ್ಯೂ10 ಅದಲ್ಲ. ತಾನಾಗಿ ದೃಷ್ಟಿ ಮರಳುವ ಸಾಧ್ಯತೆ ಈ ಅಕ್ಷರದಲ್ಲಿ ಕಡಿಮೆ, ಆದರೆ ಸೊನ್ನೆಯಲ್ಲ. ಕಾಯುತ್ತಾ ಕೂರದೆ ಮಗನಿಗೆ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ, ಫೋನಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಸಿ. ಓದು ನಿಲ್ಲಿಸಬೇಡಿ. ಹೃದಯದ ಇಸಿಜಿ ಒಂದು ಸಲ ತೆಗೆಸಿ, ಈ ಕಾಯಿಲೆಯವರಲ್ಲಿ ಕೆಲವರಿಗೆ ಮಿಡಿತದ ತೊಂದರೆ ಇರುತ್ತದೆ.

ನೀವು ಕೇಳದ ಒಂದು ವಿಷಯವೇ ನನಗೆ ಹೆಚ್ಚು ಚಿಂತೆ. ನಿಮ್ಮ ಯಜಮಾನರು ಅಜ್ಜಿಯ ಮಗ, ಅವರಿಗೂ ಅದೇ ಉಂಗುರ ಇದೆ ಎಂಬುದು ಹೆಚ್ಚೂಕಡಿಮೆ ಖಚಿತ. 52 ಆಗಿರುವುದರಿಂದ ಅಪಾಯ ಕಡಿಮೆ, ಆದರೆ ಬೀಡಿ-ಸಿಗರೇಟು ಸೇದುವವರಾದರೆ ಆ ಮಾತು ನಡೆಯುವುದಿಲ್ಲ. ಈ ಅಕ್ಷರ ಇರುವವರ ಕಣ್ಣು ಕೆಡಿಸುವುದರಲ್ಲಿ ತಂಬಾಕಿನ ಹೊಗೆಯಷ್ಟು ಸ್ಪಷ್ಟವಾಗಿ ಸಾಬೀತಾದದ್ದು ಇನ್ನೊಂದಿಲ್ಲ. ಅವರೂ, ಮಗನೂ, ಮನೆಯೊಳಗೆ ಯಾರೂ ಸೇದಬಾರದು. ಹೆಂಡವೂ ಬೇಡ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ಮಾತ್ರೆ ಶುರು ಮಾಡುವ ಮೊದಲೇ ಈ ರಿಪೋರ್ಟ್ ತೋರಿಸಿ. ಟಿಬಿ ಔಷಧಿಗಳಲ್ಲಿ ಎಥಾಂಬ್ಯುಟಾಲ್, ಲಿನೆಜೋಲಿಡ್ ಎಂಬ ಎರಡು ಕಣ್ಣಿನ ನರಕ್ಕೆ ಪೆಟ್ಟು ಕೊಡಬಲ್ಲವು. ವೈದ್ಯರು ಬೇರೆ ದಾರಿ ನೋಡುತ್ತಾರೆ. ಟಿಬಿ ಔಷಧಿಯನ್ನೇ ಬಿಡಬೇಡಿ. ಎರಡು ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಜತೆ ಇಟ್ಟುಕೊಳ್ಳಿ.

ಮುಂದಿನ ಸಲ ನಿಮ್ಮ ವೈದ್ಯರ ಬಳಿ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಬೈಯಿಸಲಿಕ್ಕಲ್ಲ. ಅವರಿಗೆ ಅಕ್ಕತಂಗಿಯರು ಎಷ್ಟು ಜನ, ಯಾವ ಯಾವ ಊರಿಗೆ ಕೊಟ್ಟಿದ್ದರು, ಅವರ ಹೆಣ್ಣುಮಕ್ಕಳಿಗೆ ಯಾರು ಯಾರು ಹುಟ್ಟಿದರು ಎಂಬುದು ನಿಮ್ಮ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ. ಆ ಊರುಗಳಲ್ಲಿ ಎಲ್ಲೋ ಇಪ್ಪತ್ತರ ಹುಡುಗನೊಬ್ಬ ಈಗ ಮೊದಲ ಸಿಗರೇಟು ಹಚ್ಚುತ್ತಿರಬಹುದು. ಆ ಹೆಸರುಗಳನ್ನೆಲ್ಲ ಅಜ್ಜಿಯ ಬಾಯಿಂದ ಬರೆಸಿಕೊಳ್ಳಿ.